ಕಂಪ್ಯೂಟರ್ ತಾನಾಗಿಯೇ ರೀಸ್ಟಾರ್ಟ್ ಆದರೆ ಈವೆಂಟ್ ವ್ಯೂವರ್‌ನಲ್ಲಿ ಏನು ನೋಡಬೇಕು?

ಸ್ಟಾರ್ಟ್ ಮೆನುವಿನಲ್ಲಿ ಈವೆಂಟ್ ವ್ಯೂವರ್ (ವಿಂಡೋಸ್ ಬರೆದಿಡುವ ದಾಖಲೆಗಳನ್ನು ತೋರಿಸುವ ಟೂಲ್) ತೆರೆದು, ವಿಂಡೋಸ್ ಲಾಗ್ಸ್ ಕೆಳಗಿನ ಸಿಸ್ಟಮ್‌ಗೆ ಹೋಗಿ. ಬಲಗಡೆಯ ಫಿಲ್ಟರ್‌ನಲ್ಲಿ ಕ್ರಿಟಿಕಲ್, ಎರರ್ ಎರಡಕ್ಕೇ ಟಿಕ್ ಹಾಕಿ.

ಕರ್ನಲ್-ಪವರ್ 41 (ದಾಖಲೆಯ ಮೂಲ ಮತ್ತು ಅದರ ಈವೆಂಟ್ ಐಡಿ) ಕಂಡ ಕೂಡಲೇ ಪವರ್ ಸಪ್ಲೈ ಬದಲಿಸಲು ಓಡಬೇಡಿ. ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಎಂದಷ್ಟೇ ಅದರ ಅರ್ಥ. ಅದನ್ನು ಬರೆಯುವುದೂ ಮತ್ತೆ ಆನ್ ಆದ ಮೇಲೆಯೇ. ಡೀಟೇಲ್ಸ್ ಟ್ಯಾಬ್‌ನಲ್ಲಿ ಬಗ್‌ಚೆಕ್‌ಕೋಡ್ (ಕ್ರ್ಯಾಶ್ ಯಾವ ಬಗೆಯದೆಂದು ಹೇಳುವ ಸಂಖ್ಯೆ) ನೋಡಿ. 0 ಇದ್ದರೆ ಹೆಚ್ಚಾಗಿ ಕರೆಂಟ್ ಕೈಕೊಟ್ಟಿದೆ, ಇಲ್ಲವೇ ಸಿಸ್ಟಮ್ ಹ್ಯಾಂಗ್ ಆಗಿದೆ. ಬೇರೆ ಅಂಕಿ ಇದ್ದರೆ ಬ್ಲೂ ಸ್ಕ್ರೀನ್ ಬಂದಿದೆ; ಆ ದಶಮಾನ ಅಂಕಿಯನ್ನು ಹೆಕ್ಸ್‌ಗೆ (16ರ ಆಧಾರದ ಸಂಖ್ಯೆಗೆ) ಬದಲಿಸಿ ಇಂಟರ್ನೆಟ್‌ನಲ್ಲಿ ಹುಡುಕಿ. ಉದಾಹರಣೆಗೆ 159 ಅಂದರೆ 9ಎಫ್: ಸ್ಲೀಪ್‌ಗೆ ಹೋಗುವಾಗಲೋ ಏಳುವಾಗಲೋ ಯಾವುದೋ ಡ್ರೈವರ್ ತಕರಾರು ಮಾಡಿದೆ.

ರೀಸ್ಟಾರ್ಟ್‌ಗೂ ಸ್ವಲ್ಪ ಮೊದಲು ಡಿಸ್ಕ್ 7 ಎರರ್ (ಡಿಸ್ಕ್‌ನಲ್ಲಿ ಕೆಟ್ಟ ಬ್ಲಾಕ್ ಇದೆ ಎಂಬ ಸೂಚನೆ) ಇದ್ದರೆ ಮೊದಲು ಬ್ಯಾಕಪ್ ತೆಗೆದುಕೊಳ್ಳಿ, ಉಳಿದದ್ದು ಆಮೇಲೆ. ಡಿಸ್ಟ್ರಿಬ್ಯೂಟೆಡ್‌ಕಾಮ್ 10016 (ವಿಂಡೋಸ್‌ನ ಒಳಭಾಗಗಳ ಅನುಮತಿ ಕುರಿತ, ಸಾಮಾನ್ಯವಾಗಿ ತೊಂದರೆಯಿಲ್ಲದ ದಾಖಲೆ) ಎಷ್ಟಿದ್ದರೂ ತಲೆ ಕೆಡಿಸಿಕೊಳ್ಳಬೇಡಿ.