ಸ್ನ್ಯಾಪ್‌ಶಾಟ್ ತೆಗೆಯುವ ಮುನ್ನ ಶಟ್‌ಡೌನ್ ಮಾಡಬೇಕೆ?

ಪ್ರಶ್ನೆ: ನಮ್ಮದು ಕೋಲಾರದಲ್ಲಿ ಟೊಮೆಟೊ ಮಂಡಿ. ಬಿಲ್ಲಿಂಗ್ ತಂತ್ರಾಂಶ ವರ್ಚುವಲ್‌ಬಾಕ್ಸ್‌ನ ವರ್ಚುವಲ್ ಮಷಿನ್‌ನೊಳಗೆ, ಅಂದರೆ ಕಂಪ್ಯೂಟರಿನೊಳಗೆ ತಂತ್ರಾಂಶವೇ ಸೃಷ್ಟಿಸಿದ ಇನ್ನೊಂದು ಕಂಪ್ಯೂಟರಿನಲ್ಲಿ, ಓಡುತ್ತದೆ. ಬಿಲ್ಲಿಂಗ್ ತಂತ್ರಾಂಶದ ಹೊಸ ಆವೃತ್ತಿ ಹಾಕುವ ಮುನ್ನ ಸ್ನ್ಯಾಪ್‌ಶಾಟ್ (ಬೇಕಾದಾಗ ಮರಳಬಹುದಾದ ಆ ಕ್ಷಣದ ಸ್ಥಿತಿಯ ದಾಖಲೆ) ತೆಗೆಯಲು ಪ್ರತಿಸಲ ವರ್ಚುವಲ್ ಮಷಿನ್ ಶಟ್‌ಡೌನ್ ಮಾಡಲೇಬೇಕೆ? ಹರಾಜಿನ ಹೊತ್ತಿನಲ್ಲಿ ಬಿಲ್ ನಿಂತರೆ ರೈತರು ಕಾಯಬೇಕಾಗುತ್ತದೆ.

ಉತ್ತರ: ಮಾಡಲೇಬೇಕೆಂದಿಲ್ಲ. ಓಡುತ್ತಿರುವಾಗ ತೆಗೆದರೆ ವರ್ಚುವಲ್‌ಬಾಕ್ಸ್ ಡಿಸ್ಕಿನ ಜೊತೆಗೆ ಮೆಮೊರಿಯನ್ನೂ ಉಳಿಸಿಕೊಳ್ಳುತ್ತದೆ. ಆದರೂ ನಿಮ್ಮ ಮಂಡಿಗೆ ನಾನು ಹೇಳುವುದು, ಹರಾಜು ಮುಗಿದು ಕೊನೆಯ ಚೀಟಿ ಹೊರಬಿದ್ದ ಮೇಲೆ ಶಟ್‌ಡೌನ್ ಮಾಡಿಯೇ ತೆಗೆಯಿರಿ.

ಇಲ್ಲಿ ತುಮಕೂರಿನ ಒಂದು ಅಡಿಕೆ ಮಂಡಿಯಲ್ಲಿ ನಾನೇ ಅವಸರ ಮಾಡಿದ್ದೆ. ಅಲ್ಲಿದ್ದದ್ದು ವರ್ಚುವಲ್‌ಬಾಕ್ಸ್ ಅಲ್ಲ, ಅದೇ ಬಗೆಯ ಬೇರೆ ತಂತ್ರಾಂಶ. ಮೆಮೊರಿ ಬಿಟ್ಟು ಡಿಸ್ಕನ್ನು ಮಾತ್ರ ಹಿಡಿಯುವ ಆಯ್ಕೆಯನ್ನು ಒತ್ತಿದೆ. ಅಂಥ ಸ್ನ್ಯಾಪ್‌ಶಾಟ್‌ಗೆ ಮರಳುವುದೆಂದರೆ, ಕರೆಂಟು ಹೋಗಿ ತಟಕ್ಕನೆ ಆರಿದ ಕಂಪ್ಯೂಟರನ್ನು ಮತ್ತೆ ಹಚ್ಚಿದ ಹಾಗೆ. ಮೆಮೊರಿಯಲ್ಲಿದ್ದು ಡಿಸ್ಕಿಗೆ ಇಳಿಯದ ಬರಹವೆಲ್ಲ ಇಲ್ಲ. ಮೈಎಸ್‌ಕ್ಯೂಎಲ್ ಡೇಟಾಬೇಸ್‌ನ ಇನ್ನೋಡಿಬಿ ಬಗೆಯ ಟೇಬಲ್ ಆಗಿದ್ದರೆ ತನ್ನ ಲಾಗ್ (ಬದಲಾವಣೆಗಳ ದಾಖಲೆ) ನೋಡಿ ಸರಿಪಡಿಸಿಕೊಳ್ಳುತ್ತಿತ್ತು. ಅಲ್ಲಿದ್ದದ್ದು ಹಾಗೆ ಸರಿಪಡಿಸಿಕೊಳ್ಳಲಾರದ ಹಳೆಯ ಮೈಐಸ್ಯಾಮ್ ಬಗೆ. ಬಿಲ್ಲಿನ ಟೇಬಲ್ ತೆರೆಯಲೇ ಇಲ್ಲ. ರಾತ್ರಿಯಿಡೀ ಕಾರ್ಬನ್ ಪ್ರತಿಗಳನ್ನು ಟ್ಯೂಬ್‌ಲೈಟಿಗೆ ಹಿಡಿದು, ಮಸುಕಾದ ನೀಲಿ ಅಂಕಿ ಒಂದೋ ಏಳೋ ಎಂದು ಗುಮಾಸ್ತರೊಂದಿಗೆ ಓದಿ ಓದಿ ಮತ್ತೆ ತುಂಬಿಸಿದೆ. ಒಬ್ಬ ಬೆಳೆಗಾರನ ವರ್ಷದ ದುಡ್ಡು ಆ ಅಂಕಿಯ ಮೇಲೆ ನಿಂತಿತ್ತು.

ದಿನವಿಡೀ ನಿಲ್ಲಿಸಲಾಗದ ಕಡೆ ಬೇರೆ ದಾರಿಗಳಿವೆ. ವಿಂಡೋಸ್ ಸರ್ವರ್ 2016ರಿಂದ ಮೈಕ್ರೋಸಾಫ್ಟ್‌ನ ವರ್ಚುವಲ್ ಮಷಿನ್ ತಂತ್ರಾಂಶವಾದ ಹೈಪರ್-ವಿಯಲ್ಲಿ ಪ್ರೊಡಕ್ಷನ್ ಚೆಕ್‌ಪಾಯಿಂಟ್ ಎಂಬ ಬಗೆಯ ಸ್ನ್ಯಾಪ್‌ಶಾಟ್ ಬಂದಿದೆ. ಅದು ಒಳಗಿನ ವಿಂಡೋಸ್‌ಗೆ ಹೇಳಿ ಬರಹಗಳನ್ನು ಡಿಸ್ಕಿಗೆ ಇಳಿಸಿದ ಮೇಲೆಯೇ ಚಿತ್ರ ಹಿಡಿಯುತ್ತದೆ. ನಿಮಗೆ ಆ ಗೋಜು ಬೇಡ. ಒಳಗಿನ ವಿಂಡೋಸ್‌ನಿಂದಲೇ ಶಟ್‌ಡೌನ್ ಕೊಡಿ, ವರ್ಚುವಲ್‌ಬಾಕ್ಸ್‌ನ ‘ಪವರ್ ಆಫ್’ ಒತ್ತಬೇಡಿ. ಅದು ಪ್ಲಗ್ ಕಿತ್ತಂತೆಯೇ. ನಿಂತ ಯಂತ್ರದ ಸ್ನ್ಯಾಪ್‌ಶಾಟ್‌ಗೆ ಕೆಲವೇ ಕ್ಷಣ ಸಾಕು.

ಬಿಲ್ಲಿನ ಕಡತಗಳು ಹೊರಗಿನ ಕಂಪ್ಯೂಟರಿನ ಶೇರ್ಡ್ ಫೋಲ್ಡರ್‌ನಲ್ಲಿವೆಯೇ, ನೋಡಿ. ಇದ್ದರೆ ಅವು ಸ್ನ್ಯಾಪ್‌ಶಾಟ್‌ನೊಳಗೆ ಬರುವುದೇ ಇಲ್ಲ. ವರ್ಚುವಲ್ ಮಷಿನ್ ಒಳಗೇ ಇದ್ದರೆ, ಹಿಂದಕ್ಕೆ ಮರಳಿದಾಗ ಸ್ನ್ಯಾಪ್‌ಶಾಟ್ ಆದ ಮೇಲೆ ಕೊಟ್ಟ ಚೀಟಿಗಳು ರೈತರ ಜೇಬಿನಲ್ಲಿರುತ್ತವೆ, ನಿಮ್ಮ ಲೆಕ್ಕದಲ್ಲಿ ಇರುವುದಿಲ್ಲ. ಮೂಲ ಡಿಸ್ಕ್ ಕೆಟ್ಟರೆ ಸ್ನ್ಯಾಪ್‌ಶಾಟ್ ಕೂಡ ಹೋಗುತ್ತದೆ. ಆದ್ದರಿಂದ ದಿನದ ಬ್ಯಾಕಪ್ ಬೇರೆಯೇ ಡಿಸ್ಕಿಗೆ ಹೋಗಲಿ. ಹೊಸ ಆವೃತ್ತಿ ಎರಡು ಮೂರು ದಿನ ಸರಿಯಾಗಿ ಓಡಿದ ಮೇಲೆ ಸ್ನ್ಯಾಪ್‌ಶಾಟ್ ಅಳಿಸಿಬಿಡಿ. ಅಳಿಸುವುದನ್ನೂ ಹರಾಜು ಮುಗಿದ ಮೇಲೆಯೇ ಮಾಡಿ. ಅದಕ್ಕೆ ತೆಗೆದದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಬಹುದು.