ಡಬ್ಲಿನ್‌ನಿಂದ ಬೆಂಗಳೂರಿಗೆ ಒಯ್ಯಲು ಜೇಮ್ಸನ್ ಬಿಟ್ಟು ಯಾವ ಐರಿಷ್ ವಿಸ್ಕಿ ಕೊಳ್ಳಲಿ?

ಎರಡು ಬಾಟಲಿ ಒಯ್ಯುವುದಾದರೆ ಒಂದು ಬ್ಲ್ಯಾಕ್ ಬುಷ್, ಇನ್ನೊಂದು ರೆಡ್‌ಬ್ರೆಸ್ಟ್ 12, ಅಂದರೆ ಪೀಪಾಯಿಯಲ್ಲಿ 12 ವರ್ಷ ಮಾಗಿದ್ದು. ಒಂದೇ ಸಾಕೆಂದರೆ ರೆಡ್‌ಬ್ರೆಸ್ಟ್. ಮೂರನೆಯದಕ್ಕೆ ಆಸೆಪಡಬೇಡಿ. ಸುಂಕ ಕಟ್ಟದೆ ಭಾರತಕ್ಕೆ ತರಬಹುದಾದದ್ದು ಒಬ್ಬರಿಗೆ 2 ಲೀಟರ್, 700 ಮಿ.ಲೀ.ನ ಮೂರು ಸೇರಿದರೆ 2.1 ಆಗಿಬಿಡುತ್ತದೆ.

ರೆಡ್‌ಬ್ರೆಸ್ಟ್ ಯಾಕೆಂದರೆ ಅದು ಸಿಂಗಲ್ ಪಾಟ್ ಸ್ಟಿಲ್, ಅಂದರೆ ಒಂದೇ ಭಟ್ಟಿಯಲ್ಲಿ, ಹಂಡೆಯಂಥ ಪಾತ್ರೆಯಲ್ಲಿ ಬಟ್ಟಿ ಇಳಿಸಿದ್ದು, ಐರ್ಲೆಂಡಿನದೇ ಆದ ಬಗೆ. ರಾಗಿ ಮಾಲ್ಟ್‌ಗೆ ನಾವು ರಾಗಿ ಮೊಳಕೆ ಕಟ್ಟುತ್ತೇವಲ್ಲ, ಹಾಗೆ ಮೊಳಕೆ ಬರಿಸಿದ ಬಾರ್ಲಿಯೊಂದರಿಂದಲೇ ಸಿಂಗಲ್ ಮಾಲ್ಟ್ ಆಗುತ್ತದೆ. ಪಾಟ್ ಸ್ಟಿಲ್‌ಗೆ ಮೊಳಕೆ ಬರಿಸದ ಬಾರ್ಲಿಯೂ ಬೇಕು. ಎರಡೂ ತಲಾ ಕನಿಷ್ಠ ಶೇ 30ರಷ್ಟು ಇರಲೇಬೇಕೆಂಬುದು ನಿಯಮ. 1785ರಲ್ಲಿ ಮಾಲ್ಟ್ ಮೇಲೆ, ಅಂದರೆ ಮೊಳಕೆ ಬರಿಸಿದ ಬಾರ್ಲಿಯ ಮೇಲೆ, ತೆರಿಗೆ ಬಿದ್ದಾಗ ಆ ತೆರಿಗೆ ಉಳಿಸಲು ಹಿಡಿದ ದಾರಿ ಇದು. ತೆರಿಗೆ ಉಳಿಸಲು ಹೋಗಿ ಇಂಥ ರುಚಿ ಸಿಕ್ಕಿತಲ್ಲ ಎಂದು ನನಗೆ ಇವತ್ತಿಗೂ ಬೆರಗು. ನಾಲಿಗೆಗೆ ಬೆಣ್ಣೆ ಸವರಿದಂಥ ನುಣುಪು, ಅದರ ಹಿಂದೆಯೇ ಒಣಶುಂಠಿಯ ಖಾರ. ರೆಡ್‌ಬ್ರೆಸ್ಟ್‌ನಲ್ಲಿ ಇದರ ಮೇಲೆ ಶೆರಿ ಎಂಬ ಸ್ಪೇನಿನ ವೈನ್ ಇಟ್ಟಿದ್ದ ಪೀಪಾಯಿ ಕೊಟ್ಟ ಉತ್ತತ್ತಿ, ಒಣದ್ರಾಕ್ಷಿಯ ಸವಿ. ಗ್ರೀನ್ ಸ್ಪಾಟ್ ಕೂಡ ಪಾಟ್ ಸ್ಟಿಲ್ಲೇ, ಆದರೆ ಹಗುರ. ಹಸಿರು ಸೇಬಿನ ಪರಿಮಳ ಇಷ್ಟಪಡುವವರಿಗೆ ಸರಿ.

ಈಗ ದುಡ್ಡಿನ ವಿಚಾರ. 2022ರ ಜನವರಿಯಿಂದ ಐರ್ಲೆಂಡಿನಲ್ಲಿ ಒಂದು ಗ್ರಾಂ ಆಲ್ಕೋಹಾಲಿಗೆ 10 ಸೆಂಟ್‌ಗಿಂತ ಕಡಿಮೆಗೆ ಯಾರೂ ಮಾರುವಂತಿಲ್ಲ. ಹಾಗಾಗಿ ಶೇ 40 ಆಲ್ಕೋಹಾಲಿನ 700 ಮಿ.ಲೀ. ಬಾಟಲಿ, ಅದೆಷ್ಟೇ ಸಾಧಾರಣದ್ದಾದರೂ, 22 ಯೂರೊಗೆ ಇಳಿಯುವುದಿಲ್ಲ. ಅಗ್ಗದ್ದು ಅಗ್ಗವಾಗಿ ಉಳಿದಿಲ್ಲ. ಇನ್ನಷ್ಟು ಯೂರೊ ಸೇರಿಸಿದರೆ ಬ್ಲ್ಯಾಕ್ ಬುಷ್ ಸಿಗುವಾಗ ಅಗ್ಗದ ಬ್ಲೆಂಡ್ (ಬೇರೆ ಬೇರೆ ಬಗೆಯ ವಿಸ್ಕಿ ಬೆರೆಸಿದ್ದು) ಕೊಳ್ಳುವುದರಲ್ಲಿ ಅರ್ಥವಿಲ್ಲ. ಬ್ಲ್ಯಾಕ್ ಬುಷ್ ಕೂಡ ಬ್ಲೆಂಡೇ, ಆದರೆ ಅದರಲ್ಲಿ ಮಾಲ್ಟ್‌ನದೇ ಮೇಲುಗೈ, ಶೆರಿ ಪೀಪಾಯಿಯ ಛಾಯೆಯೂ ಇದೆ.

ಒಮ್ಮೆ ನಾವು ನಾಲ್ವರು ಗೆಳೆಯರು ಬಾಟಲಿಗಳಿಗೆ ಕಾಗದ ಸುತ್ತಿ, ಒಂದೇ ಥರದ ಲೋಟಗಳಲ್ಲಿ ಬ್ಲ್ಯಾಕ್ ಬುಷ್, ರೆಡ್‌ಬ್ರೆಸ್ಟ್ ಎರಡನ್ನೂ ಜೊತೆಗಿಟ್ಟು ಕುಡಿದೆವು. ಮೊದಲ ಗುಟುಕಿಗೆ ಮೂವರು ಬ್ಲ್ಯಾಕ್ ಬುಷ್ಷೇ ಮೇಲು ಎಂದರು, ನಾನೂ ಅವರಲ್ಲೊಬ್ಬ. ನಾಲ್ಕು ಹನಿ ನೀರು ಬಿಟ್ಟು ಹತ್ತು ನಿಮಿಷ ಹಾಗೇ ಇಟ್ಟಮೇಲೆ ಲೆಕ್ಕ ತಿರುಗಿತು. ಬ್ಲ್ಯಾಕ್ ಬುಷ್ ತೆಳ್ಳಗಾಯಿತು. ರೆಡ್‌ಬ್ರೆಸ್ಟ್ ಮಾತ್ರ ಇನ್ನಷ್ಟು ಅರಳಿತು, ನುಂಗಿದ ಮೇಲೂ ಬಹಳ ಹೊತ್ತು ಬಾಯಲ್ಲಿ ನಿಂತಿತು. ಜೇಮ್ಸನ್ನಿನ ಸುಮಾರು ಎರಡು ಪಟ್ಟು ಬೆಲೆ ಕೊಡುವುದು ಆ ಉಳಿಯುವ ರುಚಿಗೆ. ಸೋಡಾ ಹಾಕಿಯೇ ಕುಡಿಯುವವರು ಮನೆಯಲ್ಲಿದ್ದರೆ ಅವರಿಗೆ ಬ್ಲ್ಯಾಕ್ ಬುಷ್ ಕೊಡಿ, ರೆಡ್‌ಬ್ರೆಸ್ಟ್‌ಗೆ ದಯವಿಟ್ಟು ಸೋಡಾ ಬೆರೆಸಬೇಡಿ.