ಸ್ಟುಟ್‌ಗಾರ್ಟಿನಲ್ಲಿ ಬಾಡಿಗೆ ಮನೆ ಹಿಡಿಯುವ ಕನ್ನಡಿಗರು ಮೊದಲೇ ತಿಳಿದಿರಬೇಕಾದ ದಿನನಿತ್ಯದ ಸಂಗತಿಗಳೇನು?

ಅಕ್ಟೋಬರ್‌ನಲ್ಲಿ ಹೆಂಡತಿ ಜೊತೆ ಬೆಂಗಳೂರಿನಿಂದ ಹೊರಟಿದ್ದೀರಿ, ಹಳೇ ಕಟ್ಟಡದ ಮೂರನೇ ಮಹಡಿಯಲ್ಲಿ ಮನೆ ಗೊತ್ತಾಗಿದೆ, ಕಂಪನಿಯವರು ಹೇಳಿಕೊಡದ ವಿಷಯ ಬೇಕು, ಜೊತೆಗೆ ಮಿಕ್ಸಿ ಕುಕ್ಕರ್ ತರಬೇಕಾ ಅಂತ ಕೇಳಿದ್ದೀರಿ. ಆಫೀಸಿನ ಚಿಂತೆ ಬಿಡಿ. ಬಾಷ್, ಮರ್ಸಿಡಿಸ್ ಕಡೆಯಿಂದ ಬೆಂಗಳೂರಿನವರು ವರ್ಷಗಟ್ಟಲೆಯಿಂದ ಬಂದುಹೋಗುತ್ತಿದ್ದಾರೆ, ಅಲ್ಲಿ ಇಂಗ್ಲಿಷಿನಲ್ಲೇ ಕೆಲಸ ಸಾಗುತ್ತೆ. ತಕರಾರು ಹುಟ್ಟುವುದೆಲ್ಲ ಮನೆಯ ಮೆಟ್ಟಿಲು, ಗೋಡೆ, ಕಸದ ಡಬ್ಬಿಯ ಹತ್ತಿರ. ಅದಕ್ಕೆ ಉತ್ತರವನ್ನೂ ಅಲ್ಲಿಂದಲೇ ಶುರು ಮಾಡ್ತೀನಿ.

ಮೊದಲನೆಯದು ಕೇರ್‌ವೋಖೆ, ಅಂದರೆ ಗುಡಿಸುವ ಪಾಳಿ. ಜರ್ಮನಿಯ ಬೇರೆ ಊರಿನವರು ಈ ವಿಷಯಕ್ಕೆ ಸ್ಟುಟ್‌ಗಾರ್ಟಿನವರನ್ನು ಗೇಲಿ ಮಾಡುತ್ತಾರೆ, ಆದರೆ ಬಾಡಿಗೆ ಕರಾರಿನಲ್ಲೋ ಅದರ ಜೊತೆಗಿರುವ ಮನೆ ನಿಯಮಗಳ ಹಾಳೆಯಲ್ಲೋ ಬರೆದಿದ್ದರೆ ಅದು ನಿಮ್ಮ ಹೊಣೆ. ಇದರಲ್ಲಿ ಎರಡು ಬಗೆ. ಚಿಕ್ಕದರಲ್ಲಿ ನಿಮ್ಮ ಮಹಡಿಯಿಂದ ಕೆಳಗಿನ ಮಹಡಿಯವರೆಗಿನ ಮೆಟ್ಟಿಲು ನಿಮ್ಮದು. ಎದುರು ಮನೆಯವರೂ ನೀವೂ ಒಂದೊಂದು ವಾರ ಹಂಚಿಕೊಳ್ಳುತ್ತೀರಿ. ದೊಡ್ಡದು ಇಡೀ ಕಟ್ಟಡದ ಪಾಳಿ: ಮುಂದಿನ ಫುಟ್‌ಪಾತ್, ನೆಲಮಾಳಿಗೆಯ ಮೆಟ್ಟಿಲು, ಕಸದ ಡಬ್ಬಿ ಇಡುವ ಜಾಗ, ಚಳಿಗಾಲದಲ್ಲಿ ಹಿಮ ಬಾಚುವುದು. ಎಷ್ಟೋ ಕಡೆ ಪಾಳಿ ಬಂದಾಗ ನಿಮ್ಮ ಬಾಗಿಲಿಗೆ ಒಂದು ಚಿಕ್ಕ ಬೋರ್ಡು ನೇತುಬೀಳುತ್ತೆ, ಕೆಲಸ ಮುಗಿದ ಮೇಲೆ ಅದನ್ನು ಮುಂದಿನವರ ಬಾಗಿಲಿಗೆ ಹಾಕಬೇಕು.

ಮಾಡುವ ಕ್ರಮ ಇಷ್ಟು: ಮೇಲಿಂದ ಕೆಳಕ್ಕೆ ಗುಡಿಸಿ, ಆಮೇಲೆ ಚೆನ್ನಾಗಿ ಹಿಂಡಿದ ಮಾಪಿನಲ್ಲಿ ಒರೆಸಿ. ಹಳೇ ಕಟ್ಟಡದಲ್ಲಿ ಮೆಟ್ಟಿಲು ಮರದ್ದಿರುತ್ತೆ, ನಮ್ಮಲ್ಲಿ ಮಾಡುವ ಹಾಗೆ ಬಕೆಟ್ ನೀರು ಸುರಿದು ತೊಳೆದರೆ ಮರ ಉಬ್ಬುತ್ತೆ, ನೀರು ಕೆಳಗಿನವರ ಬಾಗಿಲಿಗೆ ಇಳಿಯುತ್ತೆ. ರೇಲಿಂಗ್ ಮತ್ತು ಮೆಟ್ಟಿಲ ಬಳಿಯ ಕಿಟಕಿಯ ಕಟ್ಟೆ ಒರೆಸುವುದೂ ಇದರಲ್ಲೇ ಸೇರುತ್ತೆ. ಹೊಸಬರು ಬಿಡುವುದು ಇವೆರಡನ್ನೇ, ಅಕ್ಕಪಕ್ಕದವರು ನೋಡುವುದೂ ಇವನ್ನೇ. ಶನಿವಾರದೊಳಗೆ ಮುಗಿಸಿ. ಊರಿಗೆ ಹೋಗುವ ವಾರ ಪಾಳಿ ಬಿದ್ದರೆ ಎದುರು ಮನೆಯವರ ಜೊತೆ ವಾರ ಬದಲಾಯಿಸಿಕೊಳ್ಳಿ, ಸುಮ್ಮನೆ ಬಿಟ್ಟು ಹೋಗಬೇಡಿ. ಹಿಮ ಬಿದ್ದ ದಿನ ಜನ ಕೆಲಸಕ್ಕೆ ಹೊರಡುವ ಮೊದಲೇ ಫುಟ್‌ಪಾತ್ ಬಾಚಿ ಜಲ್ಲಿಪುಡಿ ಉದುರಿಸಿರಬೇಕು. ಯಾರಾದರೂ ಜಾರಿ ಕಾಲು ಮುರಿದುಕೊಂಡರೆ ಪರಿಹಾರದ ಪ್ರಶ್ನೆ ಆ ವಾರದ ಪಾಳಿಯವರ ತಲೆಗೆ ಬರಬಹುದು. ಹಾಫ್ಟ್‌ಫ್ಲಿಷ್ಟ್ ಅನ್ನುವ ಹೊಣೆಗಾರಿಕೆ ವಿಮೆಯನ್ನು ಬಂದ ವಾರವೇ ಮಾಡಿಸಿ ಅನ್ನುವುದು ಇದಕ್ಕೂ ಸೇರಿಯೇ. ಬಾಡಿಗೆ ಮನೆಯ ಕೀಲಿ ಕಳೆದುಹೋದರೂ ಕೊಡುತ್ತೆ ಅಂತ ಪಾಲಿಸಿಯಲ್ಲಿ ಇದೆಯಾ ನೋಡಿ. ಇಡೀ ಕಟ್ಟಡಕ್ಕೆ ಒಂದೇ ಸರಣಿಯ ಬೀಗ ಇರುವ ಕಡೆ ಒಂದು ಕೀಲಿ ಹೋದರೆ ಎಲ್ಲರ ಬೀಗವನ್ನೂ ಬದಲಿಸುವ ಖರ್ಚು ಬರಬಹುದು.

ಮೆಟ್ಟಿಲ ಮಾತು ಬಂದಾಗಲೇ ಹೇಳಿಬಿಡ್ತೀನಿ. ಚಪ್ಪಲಿ ಸ್ಟ್ಯಾಂಡನ್ನು ಬಾಗಿಲ ಹೊರಗಿಡಬೇಡಿ. ಬೆಂಕಿ ಬಿದ್ದರೆ ಓಡುವ ದಾರಿ ಅದು, ಬಹಳ ಮನೆಗಳ ನಿಯಮದಲ್ಲಿ ನಿಷಿದ್ಧ. ಹೊಸ್ತಿಲ ಹೊರಗೆ ರಂಗೋಲಿ ಹಾಕಿದರೆ ಯಾರೂ ಧರ್ಮದ ಮಾತು ಎತ್ತಲಾರರು, ಆದರೆ ಪುಡಿ ಬೂಟಿಗೆ ಅಂಟಿ ಮೂರು ಮಹಡಿ ಇಳಿಯುತ್ತೆ, ಆ ವಾರ ಗುಡಿಸುವವರು ಇನ್ಯಾರೋ ಆಗಿರುತ್ತಾರೆ. ಹಬ್ಬಕ್ಕೆ ಹೊಸ್ತಿಲ ಒಳಗೇ ಹಾಕಿ.

ಎರಡನೆಯದು ಹೆಸರು. ಇಲ್ಲಿ ಮನೆಗೆ ನಂಬರ್ ಇರುವುದಿಲ್ಲ, ಕಟ್ಟಡಕ್ಕಷ್ಟೇ. ಅಂಚೆಯವರು ಅಂಚೆಡಬ್ಬಿಯ ಮೇಲಿನ ಮನೆತನದ ಹೆಸರು ನೋಡಿ ಕಾಗದ ಹಾಕುತ್ತಾರೆ, ಹೆಸರು ಕಾಣದಿದ್ದರೆ ವಾಪಸ್ ಕಳಿಸುತ್ತಾರೆ. ನಮ್ಮವರಿಗೆ ಇದು ಬಹಳ ತೊಡಕು, ಯಾಕೆಂದರೆ ಪಾಸ್‌ಪೋರ್ಟಿನ ಸರ್‌ನೇಮ್ ಜಾಗದಲ್ಲಿ ಒಬ್ಬರಿಗೆ ಅಪ್ಪನ ಹೆಸರಿರುತ್ತೆ, ಇನ್ನೊಬ್ಬರಿಗೆ ಊರ ಹೆಸರು, ಕೆಲವರಿಗೆ ಆ ಜಾಗವೇ ಖಾಲಿ. ಖಾಲಿ ಇದ್ದರೆ ಹೊರಡುವ ಮೊದಲೇ ಸರಿಪಡಿಸಿಕೊಳ್ಳಿ. ಇಲ್ಲಿ ಬ್ಯಾಂಕಿನ ಫಾರಂ ಕೂಡ ಆ ಕಾಲಂ ತುಂಬದೆ ಮುಂದೆ ಹೋಗಲ್ಲ. ಗಂಡ ಹೆಂಡತಿಯ ಹೆಸರು ಬೇರೆಬೇರೆ ಇದ್ದರೆ ಡಬ್ಬಿಗೂ ಕರೆಗಂಟೆಗೂ ಎರಡನ್ನೂ ಪಾಸ್‌ಪೋರ್ಟಿನಲ್ಲಿರುವ ಹಾಗೇ ಹಾಕಿಸಿ. ಕರೆಯುವ ಹೆಸರು, ಇನಿಷಿಯಲ್ ಬೇಡ.

ಮನೆಗೆ ಬಂದ 2 ವಾರದೊಳಗೆ ಬ್ಯುರ್ಗರ್‌ಬ್ಯೂರೋದಲ್ಲಿ, ಅಂದರೆ ನಗರಾಡಳಿತದ ನಾಗರಿಕ ಸೇವಾ ಕಚೇರಿಯಲ್ಲಿ, ವಿಳಾಸ ನೋಂದಾಯಿಸಬೇಕು. ಅದಕ್ಕೆ ಮನೆ ಮಾಲೀಕರು ಸಹಿ ಮಾಡಿದ ವಾಸದ ದೃಢೀಕರಣ ಪತ್ರ ಬೇಕು, ಬಾಡಿಗೆ ಕರಾರು ಅದಕ್ಕೆ ಸಾಲದು. ಬೆಂಗಳೂರಿನಿಂದಲೇ ಆನ್‌ಲೈನ್‌ನಲ್ಲಿ ಸಮಯ ಕಾದಿರಿಸಿ. ನೋಂದಣಿ ಆದ ಮೇಲೆ ತೆರಿಗೆ ಗುರುತಿನ ಸಂಖ್ಯೆ ಅಂಚೆಯಲ್ಲಿ ಬರುತ್ತೆ, ಮೇಲೆ ಹೇಳಿದ ಡಬ್ಬಿಗೇ. ಅದು ಕಂಪನಿಗೆ ತಲುಪದಿದ್ದರೆ ಸಂಬಳದಲ್ಲಿ 6ನೇ ವರ್ಗದ ತೆರಿಗೆ ಹಿಡಿಯಬಹುದು, ಅಂದರೆ ಅತಿ ಹೆಚ್ಚಿನದು. ಆಮೇಲೆ ಹೊಂದಾಣಿಕೆ ಆಗುತ್ತೆ, ಆದರೆ ಮೊದಲ ತಿಂಗಳು ಕೈ ಕಟ್ಟುತ್ತೆ. ಸ್ವಲ್ಪ ದಿನಕ್ಕೆ ರೇಡಿಯೋ-ಟಿವಿ ಶುಲ್ಕದ ಕಾಗದವೂ ಬರುತ್ತೆ: ತಿಂಗಳಿಗೆ 18.36 ಯೂರೋ, ಟಿವಿ ಇಲ್ಲದಿದ್ದರೂ ಕಟ್ಟಬೇಕು. ಇದು ಮನೆಗೆ ಒಂದು. ಇಬ್ಬರ ಹೆಸರಿಗೂ ಕಾಗದ ಬಂದರೆ ಒಬ್ಬರು ಕಟ್ಟಿ, ಇನ್ನೊಬ್ಬರು ಕಟ್ಟುವವರ ಶುಲ್ಕದ ಖಾತೆ ನಂಬರ್ ಬರೆದು ಉತ್ತರ ಕೊಟ್ಟರಾಯಿತು. ಮೋಸದ ಕಾಗದ ಅಂತ ಬಿಸಾಡಿದವರಿಗೆ ದಂಡ ಸೇರಿ ಬರುತ್ತೆ.

ಇನ್ನು ಗಾಳಿ. ನೀವು ಬರುವುದು ಅಕ್ಟೋಬರ್‌ನಲ್ಲಿ, ಹೀಟರ್ ಶುರುವಾಗುವ ಕಾಲ, ಹಾಗಾಗಿ ನಿಮಗೆ ಇದೇ ಮುಖ್ಯ. ನಮ್ಮ ಅಡುಗೆಯಲ್ಲಿ ಹಬೆ ಜಾಸ್ತಿ: ಅನ್ನ, ಸಾರು, ಇಡ್ಲಿ, ಕುಕ್ಕರ್ ಸೀಟಿ. ಅದರ ಮೇಲೆ ಒಳಗೇ ಬಟ್ಟೆ ಒಣಹಾಕುತ್ತೇವೆ. ಕೋಣೆ 20 ಡಿಗ್ರಿ, ತೇವಾಂಶ ಶೇ. 60 ಇದ್ದರೆ 12 ಡಿಗ್ರಿಗೆ ತಣಿದ ಗೋಡೆಯ ಮೇಲೆ ನೀರು ಕೂರುತ್ತೆ. ಬೂಷ್ಟು ಅದಕ್ಕೂ ಮೊದಲೇ ಶುರುವಾಗುತ್ತೆ. ಹಳೇ ಕಟ್ಟಡದ ಹೊರಗೋಡೆಯ ಮೂಲೆ ಚಳಿಗಾಲದಲ್ಲಿ ಅಷ್ಟು ತಣ್ಣಗಾಗುವುದು ಸಾಮಾನ್ಯ. ಮನೆ ಬಿಡುವಾಗ ಮುಂಗಡದ ಹಣದ ಜಗಳ ಬಹುಪಾಲು ಈ ಕಪ್ಪು ಮೂಲೆಯಿಂದಲೇ ಹುಟ್ಟುತ್ತೆ.

ಪರಿಹಾರ ಸುಲಭ, ಶಿಸ್ತು ಬೇಕು. ಬೆಳಿಗ್ಗೆ ಎದ್ದ ತಕ್ಷಣ, ಅಡುಗೆ ಆದ ಮೇಲೆ, ಮಲಗುವ ಮೊದಲು ಎದುರುಬದುರು ಕಿಟಕಿ ಪೂರ್ತಿ ತೆಗೆದು 5 ನಿಮಿಷ ಬಿಟ್ಟು ಮುಚ್ಚಿ. ಅಷ್ಟು ಹೊತ್ತು ಹೀಟರ್ ತಿರುಪು ಇಳಿಸಿರಿ. ಕಿಟಕಿಯನ್ನು ಮೇಲಿಂದ ಓರೆ ಮಾಡಿ ದಿನವಿಡೀ ಬಿಡುವುದು ದೊಡ್ಡ ತಪ್ಪು: ತೇವ ಹೋಗುವುದು ನಿಧಾನ, ಕಿಟಕಿಯ ಸುತ್ತಲ ಗೋಡೆ ತಣ್ಣಗಾಗಿ ಬೂಷ್ಟು ಅಲ್ಲೇ ಹಿಡಿಯುತ್ತೆ. ಬೀರುವನ್ನು ಹೊರಗೋಡೆಗೆ ಒತ್ತಿಡದೆ 5ರಿಂದ 10 ಸೆಂ.ಮೀ. ಬಿಡಿ. ಅಂಗಡಿಯಲ್ಲಿ ಸಿಗುವ ಚಿಕ್ಕ ತೇವಾಂಶ ಮಾಪಕ ತಂದು ಮಲಗುವ ಕೋಣೆಯಲ್ಲಿಡಿ, ಶೇ. 60 ದಾಟಿದರೆ ಕಿಟಕಿ ತೆಗೆಯಿರಿ. ಬಳಸದ ಕೋಣೆಯ ಹೀಟರನ್ನು ಪೂರ್ತಿ ಆರಿಸಿ ಬಾಗಿಲು ತೆರೆದಿಡಬೇಡಿ, ಅಡುಗೆಮನೆಯ ಹಬೆಯೆಲ್ಲ ಹೋಗಿ ಆ ತಣ್ಣನೆ ಗೋಡೆಗೇ ಅಂಟುತ್ತೆ.

ಒಲೆಯ ಮೇಲಿನ ಚಿಮಣಿಯನ್ನು ನಂಬಬೇಡಿ. ಬಾಡಿಗೆ ಮನೆಗಳಲ್ಲಿ ಬಹಳಷ್ಟು ಚಿಮಣಿಗಳಿಗೆ ಹೊರಗೆ ಹೋಗುವ ಕೊಳವೆಯೇ ಇರಲ್ಲ. ಗಾಳಿಯನ್ನು ಇದ್ದಿಲ ಫಿಲ್ಟರಿನಲ್ಲಿ ಹಾಯಿಸಿ ವಾಪಸ್ ಕೋಣೆಗೇ ಬಿಡುತ್ತೆ. ವಾಸನೆ ಸ್ವಲ್ಪ ಕಡಿಮೆಯಾದೀತು, ಹಬೆ ಅಲ್ಲೇ ಇರುತ್ತೆ. ಮಲಗುವ ಕೋಣೆ, ಹೊರಬಾಗಿಲಿಗೆ ಹೋಗುವ ಪ್ಯಾಸೇಜಿನ ಚಾವಣಿಯಲ್ಲಿ ಹೊಗೆ ಅಲಾರ್ಮ್ ಕಡ್ಡಾಯ. ಒಣಮೆಣಸಿನ ಒಗ್ಗರಣೆಗೆ ಅದು ಕೂಗುತ್ತೆ. ಒಗ್ಗರಣೆ ಹಾಕುವಾಗ ಅಡುಗೆಮನೆಯ ಬಾಗಿಲು ಮುಚ್ಚಿ, ಕಿಟಕಿ ತೆಗೆಯಿರಿ. ಮನೆ ಬಾಗಿಲು ತೆಗೆದರೆ ಘಾಟು ಮೆಟ್ಟಿಲಿಗಿಳಿದು ಕಟ್ಟಡವೆಲ್ಲ ಕೆಮ್ಮುತ್ತೆ. ಅಲಾರ್ಮಿನ ಬ್ಯಾಟರಿ ಮಾತ್ರ ಕೀಳಬೇಡಿ.

ಸದ್ದು: ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮತ್ತು ಭಾನುವಾರ, ರಜಾದಿನ ಪೂರ್ತಿ ಡ್ರಿಲ್ಲಿಂಗ್, ಸುತ್ತಿಗೆ ಏಟು ಇಲ್ಲ. ಚಟ್ನಿಗೆ ಅರ್ಧ ನಿಮಿಷ ಮಿಕ್ಸಿ ತಿರುಗಿಸಿದರೆ ಯಾರೂ ಬರಲ್ಲ; ದೋಸೆ ಹಿಟ್ಟು ರುಬ್ಬುವ ಗ್ರೈಂಡರನ್ನು ಶನಿವಾರ ಹಗಲು ಹಾಕಿ, ಕೆಳಗೆ ದಪ್ಪ ರಬ್ಬರ್ ಚಾಪೆ ಇಡಿ. ಮರದ ನೆಲದಲ್ಲಿ ಅದುರುವುದೇ ಸದ್ದಿಗಿಂತ ಹೆಚ್ಚು ಕೆಳಕ್ಕೆ ಹೋಗುತ್ತೆ. ಭಾನುವಾರ ಅಂಗಡಿಗಳಿಲ್ಲ, ಬೇಕರಿ ಕೆಲವು ಗಂಟೆ, ಪೆಟ್ರೋಲ್ ಬಂಕು, ರೈಲು ನಿಲ್ದಾಣದ ಅಂಗಡಿ ಅಷ್ಟೇ. ಅಕ್ಟೋಬರ್ 3, ನವೆಂಬರ್ 1 ಎರಡೂ ಈ ರಾಜ್ಯದಲ್ಲಿ ರಜೆ, ಹಿಂದಿನ ದಿನವೇ ಹಾಲು ತರಕಾರಿ ತಂದಿಡಿ.

ಕಸದ ಬಗ್ಗೆ ಕಡಿಮೆ ಹೇಳ್ತೀನಿ, ಡಬ್ಬಿ ಮೇಲೆ ಚಿತ್ರ ಇರುತ್ತೆ. ಹಸಿಕಸವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕದೆ ನ್ಯೂಸ್‌ಪೇಪರಿನಲ್ಲಿ ಸುತ್ತಿ ಹಾಕಿ. ಉಪ್ಪಿನಕಾಯಿ, ಜಾಮ್ ಬಾಟಲಿ ಬೀದಿಯ ಗಾಜಿನ ಡಬ್ಬಿಗೆ: ಬಿಳಿ, ಹಸಿರು, ಕಂದು ಬೇರೆಬೇರೆ, ನೀಲಿ ಗಾಜು ಹಸಿರಿಗೆ. ಅದನ್ನೂ ಭಾನುವಾರ ಹಾಕುವಂತಿಲ್ಲ, ಸದ್ದಾಗುತ್ತೆ. ನೀರು, ಕೋಲಾದ ಬಳಸಿ ಬಿಸಾಡುವ ಬಾಟಲಿ, ಕ್ಯಾನಿಗೆ 25 ಸೆಂಟ್ ಠೇವಣಿ ಸೇರಿರುತ್ತೆ, ಸಾಮಾನ್ಯ ಬಿಯರ್ ಬಾಟಲಿಗೆ 8. ಅಂಗಡಿಯ ಯಂತ್ರಕ್ಕೆ ಹಾಕಿದರೆ ಚೀಟಿ ಬರುತ್ತೆ, ಕೌಂಟರಿನಲ್ಲಿ ಕೊಟ್ಟರೆ ಬಿಲ್ಲಿನಲ್ಲಿ ಕಳೆಯುತ್ತಾರೆ. ಬಾಟಲಿ ಜಜ್ಜಿದರೆ ಯಂತ್ರಕ್ಕೆ ಬಾರ್‌ಕೋಡ್ ಓದಲು ಆಗಲ್ಲ, ದುಡ್ಡು ಹೋಯಿತು. ಅಂದಹಾಗೆ ನಲ್ಲಿ ನೀರನ್ನೇ ಕುಡಿಯಿರಿ, ಫಿಲ್ಟರ್ ಹೊತ್ತು ತರಬೇಡಿ.

ಈಗ ನಿಮ್ಮ ಸಾಮಾನಿನ ಪ್ರಶ್ನೆ. ವಿದ್ಯುತ್ ಇಲ್ಲೂ 230 ವೋಲ್ಟ್, 50 ಹರ್ಟ್ಸ್, ಮಿಕ್ಸಿ ಚೆನ್ನಾಗಿ ಓಡುತ್ತೆ. ನಮ್ಮ ಮೂರು ಪಿನ್ನಿನ ಪ್ಲಗ್ ಮಾತ್ರ ಇಲ್ಲಿನ ಸಾಕೆಟ್ಟಿಗೆ ಕೂರಲ್ಲ, ಅರ್ಥಿಂಗ್ ಇರುವ ಅಡಾಪ್ಟರ್ ಕೊಳ್ಳಿ. ಚಾರ್ಜರಿಗೆ ಬಳಸುವ ಎರಡು ಪಿನ್ನಿನದು ಬೇಡ. ಕುಕ್ಕರ್ ತರುವ ಮೊದಲು ಒಲೆ ಯಾವುದು ಅಂತ ಮಾಲೀಕರನ್ನು ಕೇಳಿ. ಇಂಡಕ್ಷನ್ ಆದರೆ ಬರೀ ಅಲ್ಯೂಮಿನಿಯಂ ಕುಕ್ಕರ್ ಬಿಸಿಯಾಗಲ್ಲ, ತಳಕ್ಕೆ ಅಯಸ್ಕಾಂತ ಅಂಟುವಂಥದ್ದು ಬೇಕು. ಕೆಂಪಗಾಗುವ ಗಾಜಿನ ಒಲೆಯಾದರೆ ತಳ ಸಪಾಟಾಗಿದ್ದರೆ ಸಾಕು, ಆದರೆ ಆರಿಸಿದ ಮೇಲೂ ಕಾವು ಇರುತ್ತೆ, ಹಾಲಿನ ಪಾತ್ರೆ ಪಕ್ಕಕ್ಕೆ ಎತ್ತಿಡಿ. ಗುಂಡುತಳದ ಬಾಣಲೆ ಎರಡಕ್ಕೂ ಆಗದು. ನಿಮ್ಮ ಕುಕ್ಕರಿನದೇ ಗ್ಯಾಸ್ಕೆಟ್ ಎರಡು, ಸೇಫ್ಟಿ ವಾಲ್ವ್ ಒಂದೆರಡು ಹೆಚ್ಚಿಗೆ ತನ್ನಿ.

ಅದಕ್ಕೂ ಮೊದಲು ಕರಾರಿನಲ್ಲಿ ಅಡುಗೆಮನೆ ಸೇರಿದೆಯಾ ನೋಡಿ. ಇಲ್ಲಿ ಎಷ್ಟೋ ಮನೆಗಳಲ್ಲಿ ಅಡುಗೆಮನೆ ಅಂದರೆ ನಲ್ಲಿಯ ಕೊಳವೆ, ವೈರು ಇರುವ ಖಾಲಿ ಕೋಣೆ. ಸಿಂಕು, ಒಲೆ, ಕಪಾಟು ನಿಮ್ಮದೇ. ಕರಾರಿನಲ್ಲಿ ಇಲ್ಲದಿದ್ದರೆ ಮನೆ ಬಿಡುತ್ತಿರುವವರು ತಮ್ಮದನ್ನು ಮಾರುತ್ತಾರಾ ಅಂತ ಈಗಲೇ ಕೇಳಿಸಿ, ಅವರು ಬಿಚ್ಚಿಕೊಂಡು ಹೋದ ಮೇಲೆ ಹೊಸದು ಬಂದು ಕೂರಲು ವಾರಗಳೇ ಹಿಡಿಯುತ್ತವೆ.